ರಾತ್ರಿ ಪಾಳಿಯ ಬೆಳಕು

ಹೂವಿನ ಹಿಪ್ಪರಗಿಯಿರುವ ವಿಜಯಪುರ ಜಿಲ್ಲೆಯಲ್ಲೇ ಕೂಡಗಿಯ ಉಷ್ಣ ವಿದ್ಯುತ್ ಸ್ಥಾವರವಿದೆ. ತಲಾ 800 ಮೆಗಾವಾಟ್ ಸಾಮರ್ಥ್ಯದ ಮೂರು ಘಟಕಗಳು ಅಲ್ಲಿವೆ. ಇಂಥ ಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ರಾತ್ರಿಯಿಡೀ ಯಾರಾದರೂ ಎಚ್ಚರವಿರಲೇಬೇಕು. ನಸುಕಿನ ಮೂರು-ನಾಲ್ಕು ಗಂಟೆಗೆ ಕಣ್ಣು ಮಂಪರಾದರೆ ಮಾಪಕದ ಮುಖ್ಯ ಸೂಚನೆಯೊಂದು ತಪ್ಪಿಹೋದೀತು.

ಆ ಹೊತ್ತಿನಲ್ಲಿ ತೂಕಡಿಕೆ ಏಕೆ? ಕತ್ತಲಾದಂತೆ ಮೆದುಳಿನ ಪೀನಿಯಲ್ ಗ್ರಂಥಿಯು ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸಿ, ಇದು ಇರುಳೆಂದು ದೇಹಕ್ಕೆ ತಿಳಿಸುತ್ತದೆ. ಬೆಳಕು ಈ ಸ್ರಾವವನ್ನು ತಡೆಯುತ್ತದೆ. ಕಣ್ಣಿನ ಅಕ್ಷಿಪಟಲದಲ್ಲಿ ಹಗಲು-ಇರುಳಿನ ಸುದ್ದಿಯನ್ನು ಮೆದುಳಿಗೆ ಮುಟ್ಟಿಸುವ ವಿಶೇಷ ಕೋಶಗಳಿವೆ. ಅವು ತಾವೇ ಬೆಳಕನ್ನು ಗ್ರಹಿಸುತ್ತವೆಂಬುದು 2002ರಲ್ಲಿ ಬೆಳಕಿಗೆ ಬಂತು. ಸುಮಾರು 480 ನ್ಯಾನೋಮೀಟರ್ ತರಂಗದೂರದ ನೀಲಿ ಬೆಳಕಿಗೆ ಅವು ಹೆಚ್ಚು ಸ್ಪಂದಿಸುತ್ತವೆ. ಆದ್ದರಿಂದಲೇ ನೀಲಿ ಅಂಶ ಹೆಚ್ಚಿರುವ ಪ್ರಖರ ಬಿಳಿ ದೀಪ ಎಚ್ಚರವಿಡುತ್ತದೆ. ಮಂದ ಹಳದಿ ದೀಪ ಅಷ್ಟಾಗಿ ಎಚ್ಚರವಿಡದು. ಆದರೆ ದೀಪವು ಗಣಕದ ಪರದೆಯಲ್ಲಿ ಪ್ರತಿಫಲಿಸಿದರೆ ಕಣ್ಣು ದಣಿದು ಕೆಲಸ ಕೆಡುತ್ತದೆ.

ಇನ್ನೊಂದು ತೊಡಕೂ ಉಂಟು. ಎಚ್ಚರವಿಟ್ಟ ಬೆಳಕೇ ದೇಹದ ಗಡಿಯಾರವನ್ನು ಹಿಂದೆ ಸರಿಸಿ, ಪಾಳಿ ಮುಗಿದ ಮೇಲೆ ನಿದ್ರೆಯನ್ನು ದೂರ ಮಾಡಬಲ್ಲದು. ಹೀಗಾಗಿ ಹಗಲು ಮಲಗುವ ಕೋಣೆಗೆ ದಪ್ಪ ಪರದೆ ಬೇಕು. ಪರೀಕ್ಷೆಯ ಕಾಲದಲ್ಲಿ ರಾತ್ರಿ ಓದುವ ವಿದ್ಯಾರ್ಥಿಗಳಿಗೂ ಈ ಮಾತು ಸಲ್ಲುತ್ತದೆ: ದೀಪ ನಿದ್ರೆಯನ್ನು ಮುಂದೂಡೀತು, ನಿದ್ರೆಯ ಸಾಲವನ್ನು ತೀರಿಸದು.