ಅಂಚೆ ಡಬ್ಬಿಯ ಮೇಲೆ ನಿಮ್ಮ ಹೆಸರಿದೆಯೇ?

ಎಂ.ಎಸ್. ಓದಲು ಜರ್ಮನಿಗೆ ಹೊರಡುವ ನಮ್ಮ ಸೀನಿಯರ್‌ಗಳು ಚಟ್ನಿಪುಡಿ, ಕುಕ್ಕರ್ ಎಲ್ಲವನ್ನೂ ಮರೆಯದೆ ತುಂಬಿಕೊಳ್ಳುತ್ತಾರೆ. ಫೋನು, ಅಂಚೆಯ ಯೋಚನೆ ಬರುವುದು ಅಲ್ಲಿಗೆ ಹೋದ ಮೇಲೆ.

ಅಲ್ಲಿ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಪೋಸ್ಟ್‌ಮ್ಯಾನ್ ನೋಡುವುದು ಡಬ್ಬಿಯ ಮೇಲಿನ ಹೆಸರನ್ನು. ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ತೆರಿಗೆ ಗುರುತಿನ ಸಂಖ್ಯೆ, ಎಷ್ಟೋ ಬ್ಯಾಂಕ್‌ಗಳ ಕಾರ್ಡ್, ಪಿನ್ ಎಲ್ಲ ಬರುವುದು ಅಂಚೆಯಲ್ಲೇ. ಆದ್ದರಿಂದ ರೂಮ್ ಸಿಕ್ಕ ದಿನವೇ ಡಬ್ಬಿಗೆ ಹೆಸರು ಅಂಟಿಸಿ.

ಪ್ರೀಪೇಯ್ಡ್ ಸಿಮ್‌ಗೆ 2017ರಿಂದ ಅಲ್ಲಿ ಗುರುತಿನ ಪರಿಶೀಲನೆ ಕಡ್ಡಾಯ, ಪಾಸ್‌ಪೋರ್ಟ್ ಜೊತೆಗಿರಲಿ. ಪೋಸ್ಟ್‌ಪೇಯ್ಡ್, ಬ್ರಾಡ್‌ಬ್ಯಾಂಡ್ ಕರಾರುಗಳು 24 ತಿಂಗಳವರೆಗೂ ಇರುವುದುಂಟು, ಓದದೆ ಸಹಿ ಹಾಕಬೇಡಿ. ಕ್ಯಾಂಪಸ್‌ನಲ್ಲಿ 'ಎಜುರೋಮ್' ವೈಫೈ ವಿದ್ಯಾರ್ಥಿಗಳಿಗೆ ಉಚಿತ.

ಊರಿನ ಸಿಮ್ ಮಾತ್ರ ಬಿಡಬೇಡಿ. ಶಿಕ್ಷಣ ಸಾಲದ ಖಾತೆಯ ಒಟಿಪಿ ಬರುವುದು ಆ ನಂಬರಿಗೇ. 90 ದಿನ ಬಳಸದೇ ಇದ್ದರೆ ಸಂಪರ್ಕ ಕಡಿತವಾಗಬಹುದು. ಮುಂದೆ ಆ ನಂಬರ್ ಬೇರೆಯವರ ಪಾಲಾದರೆ ಅಪ್ಪ ಸಹಿ ಹಾಕಿ ಪಡೆದ ಸಾಲದ ಹಣ ಬೇಕಾದಾಗ ಕೈಗೆ ಸಿಗದೆ ಪರದಾಡಬೇಕು. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಒಟಿಪಿ ಬರುತ್ತದೆಯೇ ಎಂದು ಕಂಪನಿಯನ್ನು ಕೇಳಿ. ತಪ್ಪದೆ ರೀಚಾರ್ಜ್ ಮಾಡಲು ಮನೆಯಲ್ಲಿ ಒಬ್ಬರಿಗೆ ಹೇಳಿಡಿ.