ಹೊರಗೆ ಹೊಳಪು, ಒಳಗೆ ಉರುವಲು

ಹಳೇಬೀಡಿನ ನೆರೆಯ ಹುಲಿಕೆರೆಯಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದುಂಟು. ಅಲ್ಲಿ ಆಧಾರವೂ ಕಲ್ಲು, ಅಲಂಕಾರವೂ ಕಲ್ಲು. ಇಂದಿನ ಪಟ್ಟಣಗಳ ಬಹುಮಹಡಿ ಕಟ್ಟಡಗಳಲ್ಲಾದರೋ ಆಧಾರವೊಂದು, ಅಲಂಕಾರವೊಂದು. ಗೋಡೆಗೆ ಹೊದಿಸುವ ಅಲ್ಯೂಮಿನಿಯಂ ಫಲಕ ನೋಟಕ್ಕೆ ಲೋಹವೇ ಸರಿ. ಆದರೆ ಅಗ್ಗದ ಫಲಕದ ಎರಡು ತಗಡುಗಳ ನಡುವೆ ಇರುವುದು ಪಾಲಿಥೀನ್, ಎಂದರೆ ಉರುವಲು. ಫಲಕಕ್ಕೂ ಗೋಡೆಗೂ ನಡುವಣ ಸಂದು ಉರಿಗೆ ಮೇಲೇರುವ ದಾರಿಯಾಗುತ್ತದೆ.

ಲಂಡನ್ನಿನ 24 ಅಂತಸ್ತಿನ ಗ್ರೆನ್‌ಫೆಲ್ ಗೋಪುರದಲ್ಲಿ 2017ರ ಜೂನ್ 14ರಂದು ನಾಲ್ಕನೆಯ ಮಹಡಿಯ ಒಂದು ಮನೆಯಲ್ಲಿ ಹುಟ್ಟಿದ ಬೆಂಕಿ ಇಂತಹ ಹೊದಿಕೆಯನ್ನು ಹಿಡಿದು ತುದಿಗೇರಿ 72 ಮಂದಿಯನ್ನು ಬಲಿಗೊಂಡಿತು.

ಇದು ದೂರದ ಮಾತೆಂದು ನಾವು ಸುಮ್ಮನಿರಲಾಗದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿಗಳ ಕಟ್ಟಡದಲ್ಲಿ 9 ಮಂದಿ ಮಡಿದರು. ಅಲ್ಲಿ ದೋಷವು ಹೊದಿಕೆಯದಲ್ಲ; ವಿದ್ಯುತ್ ತಂತಿಗಳ ಮಾರ್ಗದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿತು. ಆದರೂ ಪಾಠವೊಂದೇ: ಕಣ್ಣಿಗೆ ಕಾಣದ ಎಡೆಯಲ್ಲಿಯೇ ಅಪಾಯವು ಅಡಗಿರುತ್ತದೆ.

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ಎತ್ತರದ ಕಟ್ಟಡಗಳಿಗೆ ವಿಶೇಷ ಅಗ್ನಿರಕ್ಷಣೆಯನ್ನು ವಿಧಿಸಿದೆ. ವಿಧಿಯಿದ್ದು ಪರೀಕ್ಷೆಯಿಲ್ಲದಿದ್ದರೆ ಫಲವೇನು? ಮನೆಕೊಳ್ಳುವವನಿಗೆ ಫಲಕದ ಒಡಲು ಕಾಣದು. ಅದನ್ನು ಬಿಚ್ಚಿಸಿ ನೋಡುವ ಅಧಿಕಾರವಿರುವುದು ಅನುಮತಿ ಕೊಡುವವರಿಗೆ. ನಕ್ಷೆಗೆ ರುಜು ಹಾಕುವ ಮುನ್ನ ‘ಒಳಗೇನಿದೆ?’ ಎಂಬ ಒಂದು ಪ್ರಶ್ನೆಯನ್ನು ಅವರು ಕೇಳಲಿ. ಈಗಾಗಲೇ ನಿಂತಿರುವ ಕಟ್ಟಡಗಳಲ್ಲಿ ಒಂದೊಂದು ಫಲಕವನ್ನಾದರೂ ಬಿಚ್ಚಿಸಲಿ. ಇದಕ್ಕೆ ತಗಲುವ ವೆಚ್ಚ ಅಲ್ಪ. ತಪ್ಪಿದರೆ ತೆರುವ ಬೆಲೆ ಜೀವ.