ಒಡೆತನ ಶಾಸ್ತ್ರದ್ದೋ, ಲೋಕದ್ದೋ? ಮಿತಾಕ್ಷರದ ಒಂದು ವಾದ

ಅಕ್ಕಲಕೋಟದಿಂದ ಮಾತಾಡ್ತಿದ್ದೇನೆ, ನಡುವೆ ಧ್ವನಿ ಕಡಿದರೆ ಹೇಳ್ರಿ. ಕಾನೂನು ಧರ್ಮಚಿಂತನೆಯ ಒಂದು ಕವಲೋ, ಅದಕ್ಕೆ ತನ್ನದೇ ನೆಲೆ ಇದೆಯೋ ಎಂಬ ಪ್ರಶ್ನೆಯನ್ನು ನಾನು ಒಂದೇ ಗ್ರಂಥದ ಒಂದೇ ವಾದದಲ್ಲಿ ನೋಡುತ್ತೇನೆ. ಅದು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ.

ಆಸ್ತಿಯ ಪಾಲಿನ ವಿಚಾರಕ್ಕೆ ಬಂದಾಗ ಆತ ಕೇಳುತ್ತಾನೆ: ಒಂದು ವಸ್ತು ನನ್ನದಾಗುವುದು ಶಾಸ್ತ್ರ ಹೇಳಿದ್ದರಿಂದಲೋ, ಲೋಕದ ವ್ಯವಹಾರದಿಂದಲೋ?

ಬರೀ ಪಂಡಿತರ ಜಗಳ ಅನ್ನಿಸಬಹುದು. ಅಲ್ಲ. ಒಬ್ಬ ನಿಷಿದ್ಧ ದಾನ ತಗೊಂಡು ಹಣ ಮಾಡಿದ ಅಂತ ಇಟ್ಕೊಳ್ರಿ. ಒಡೆತನ ಶಾಸ್ತ್ರದಿಂದಲೇ ಬರುವುದಾದರೆ ಆ ಹಣ ಅವನದಾಗಲೇ ಇಲ್ಲ. ಮಕ್ಕಳು ಪಾಲು ಕೇಳುವಂತಿಲ್ಲ. ಲೋಕದಿಂದ ಬರುವುದಾದರೆ ಹಣ ಅವನದೇ, ಪ್ರಾಯಶ್ಚಿತ್ತವೂ ಅವನದೇ. ಮಕ್ಕಳು ದೋಷವಿಲ್ಲದೆ ಹಂಚಿಕೊಳ್ಳಬಹುದು. ವಿಜ್ಞಾನೇಶ್ವರ ಹಿಡಿಯುವುದು ಈ ಎರಡನೆಯ ಪಕ್ಷವನ್ನು. ಪಾಪದ ಲೆಕ್ಕ ಬೇರೆ, ಒಡೆತನದ ಲೆಕ್ಕ ಬೇರೆ ಆಯ್ತು.

ಅವನ ಕಾರಣ ಹೀಗಿದೆ. ಯಜ್ಞದ ಆಹವನೀಯ ಅಗ್ನಿ ಏನೆಂಬುದು ಶಾಸ್ತ್ರವಿಲ್ಲದೆ ತಿಳಿಯದು, ಅದರ ಕೆಲಸವೂ ಶಾಸ್ತ್ರದೊಳಗೇ. ಆಸ್ತಿ ಹಾಗಲ್ಲ, ಭತ್ತದ ಹಾಗೆ ಲೋಕದ ಕೆಲಸಕ್ಕೆ ಒದಗುತ್ತದೆ. ಹಾಗಾದರೆ ಕದ್ದ ಮಾಲು ಕಳ್ಳನದೇ ಆಯ್ತಲ್ಲ? ಆಗದು, ಲೋಕವೇ ಕಳ್ಳನನ್ನು ಒಡೆಯ ಅನ್ನುವುದಿಲ್ಲ.

ಆಮೇಲೆ ಬರುವ ಸಾಕ್ಷಿ ನನ್ನನ್ನು ತಡೆದು ನಿಲ್ಲಿಸಿತು. ಶಾಸ್ತ್ರದ ವ್ಯವಹಾರವನ್ನೇ ಕಾಣದ ಪ್ರತ್ಯಂತವಾಸಿಗಳಲ್ಲೂ ಕೊಳ್ಳುವುದು ಮಾರುವುದು ಇದೆ, ಆದ್ದರಿಂದ ಒಡೆತನವೂ ಇದೆ ಎನ್ನುತ್ತಾನೆ. ಪ್ರತ್ಯಂತವಾಸಿಗಳು ಅಂದ್ರೆ ಗಡಿಯಾಚೆಯ ಅಂಚಿನವರು. ಮಾತಿನಲ್ಲಿ ತುಸು ತಾತ್ಸಾರ ಇದೆ, ಗಡಿಯವಳಾದ ನನಗೆ ಅದು ಚುಚ್ಚದೆ ಇರಲಿಲ್ಲ. ಆದರೂ ನಿರ್ಣಯಕ್ಕೆ ಅವರ ಸಂತೆಯೇ ಸಾಕ್ಷಿ.

ಇಷ್ಟಕ್ಕೇ ಕಾನೂನು ಧರ್ಮಚಿಂತನೆಯಿಂದ ಬಿಡುಗಡೆಯಾಯ್ತು ಅಂತ ಹೇಳಲಾರೆ. ವಾದ ನಡೆಯುವುದು ಪೂರ್ತಿ ಮೀಮಾಂಸೆಯ ವರಸೆಯಲ್ಲಿ. ವೇದವಾಕ್ಯದ ಅರ್ಥ ನಿರ್ಣಯಿಸಲು ಕಟ್ಟಿದ ಉಪಕರಣವನ್ನೇ ಬಳಸಿ, ವೇದ ಹೇಳಬೇಕಾಗಿಲ್ಲದ ಒಂದು ಕ್ಷೇತ್ರವನ್ನು ಆತ ಗುರುತಿಸಿದ. ಇನ್ನು ಲೋಕ ಅಂದ್ರೆ ಯಾರ ಲೋಕ ಎಂಬುದು ಉಳಿದಿದೆ. ಸಂತೆಯಲ್ಲಿ ಮಾರುವವಳ ಮಾತೂ ಅದರಲ್ಲಿ ಸೇರಿತ್ತೇ? ಚರ್ಚೆಯಲ್ಲಿ ಅಲ್ಲಿಂದಲೇ ಶುರು ಮಾಡೋಣ.